ಬೆಣ್ಣೆಹಣ್ಣಿನ ಮರದ ಹಕ್ಕು

ಚಿಕ್ಕಮಗಳೂರಿನಲ್ಲಿ ಕಾನೂನು ಓದುವ ಮಕ್ಕಳಿಗೆ ನಾನು ಆಸ್ತಿ ಕಾನೂನು ಪಾಠ ಮಾಡುತ್ತೇನೆ. ಬಡವರ ಬದುಕಿಗೂ ಆಸ್ತಿಯ ಕಾನೂನಿಗೂ ಇರುವ ನಂಟಿನ ಬಗ್ಗೆ ಕೆಲವು ವರ್ಷಗಳ ಹಿಂದೆ ಒಂದು ಮಹಾಪ್ರಬಂಧ ಬರೆಯಹೊರಟೆ. ಎರಡು ಅಧ್ಯಾಯಗಳನ್ನು ಗ್ರಂಥಾಲಯದಲ್ಲೇ ಕೂತು ಮುಗಿಸಿದೆ. ಮೂರನೆಯದಕ್ಕೆ ಮನುಷ್ಯರು ಬೇಕಾದರು. ಒಂದು ಶನಿವಾರ ಪ್ರಶ್ನೆಪಟ್ಟಿ ಹಿಡಿದು ಆಲ್ದೂರು ಕಡೆಯ ಎಸ್ಟೇಟೊಂದರ ಕೂಲಿ ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ಹೋದೆ.

ಮೊದಲ ಮನೆಯಲ್ಲಿ ಸಿಕ್ಕಿದವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಫಿ ಹಣ್ಣು ಕುಯ್ದು, ಆಗಷ್ಟೇ ಕೆಲಸ ಬಿಟ್ಟಿದ್ದ ಒಬ್ಬ ಹೆಂಗಸು. "ನಿಮ್ಮ ಹೆಸರಲ್ಲಿ ಏನೇನು ಆಸ್ತಿ ಇದೆ?" ಎಂದು ಕೇಳಿದೆ. ಆಕೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಒಂದು ಬೆಣ್ಣೆಹಣ್ಣಿನ ಮರ ತೋರಿಸಿದರು.

"ಬೀಜ ಹಾಕಿದ್ದು ನಾನು. ನೀರು ಹೊಯ್ದಿದ್ದು ನಾನು. ದನ ಬಾಯಿ ಹಾಕ್ದಂಗೆ ಬೇಲಿ ಕಟ್ಟಿದ್ದೂ ನಾನೇ. ಈಗ ಲೈನ್ ಬಿಟ್ಟು ಮಗಳ ಮನೆಗೆ ಹೋಗ್ಬೇಕು. ಮರ ಯಾರದ್ದಾಯ್ತು ಮೇಡಂ?"

ಮೊದಲೆಲ್ಲ ಆ ಹಣ್ಣನ್ನು ಕೇಳುವವರೇ ಇರಲಿಲ್ಲವಂತೆ. ಈಗ ವ್ಯಾಪಾರಿಗಳು ಮರದ ಬುಡಕ್ಕೇ ಪಿಕಪ್ ತಂದು ಒಯ್ಯುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಈ ಮರವನ್ನೂ ತೋಟದ ಪಟ್ಟಿಗೆ ಸೇರಿಸಿಕೊಂಡಿದ್ದರು.

ನನಗೆ ಉತ್ತರ ಗೊತ್ತಿತ್ತು. ನೆಲಕ್ಕೆ ಬೇರುಬಿಟ್ಟದ್ದು ನೆಲದ ಒಡೆಯನದ್ದು ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವವಳು ನಾನೇ. ಆದರೆ ಅದನ್ನು ಆ ಮರದ ಕೆಳಗೆ ನಿಂತು ಹೇಳಲು ಬಾಯಿ ಬರಲಿಲ್ಲ. "ವಿಚಾರ ಮಾಡಿ ಹೇಳ್ತೀನಿ" ಅಂದೆ.

ಮುಂದಿನ ತಿಂಗಳು ಕಾಲೇಜಿನ ಅಣಕು ನ್ಯಾಯಾಲಯಕ್ಕೆ ಇದನ್ನೇ ಮೊಕದ್ದಮೆಯಾಗಿ ಕೊಟ್ಟು, ಆಕೆಗೂ ಬರಲು ಹೇಳಿದೆ. ಆಕೆ ಬಸ್ಸಿನಲ್ಲಿ ಬಂದರು. ಬರುವಾಗ ತೋಟದ ಮಾಲೀಕರಿಗೂ ವಿಷಯ ತಿಳಿಸಿ ಬಂದಿದ್ದರು. ಇದನ್ನು ನಾನು ಎಣಿಸಿರಲಿಲ್ಲ. ಎಪ್ಪತ್ತು ದಾಟಿದ ಆ ಹಿರಿಯರು ಕುತೂಹಲಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಚೀಟಿ ಎತ್ತಿದಾಗ ಮಾಲೀಕರ ಪರ ವಾದ ಬಂದದ್ದು ಲೈನ್ ಮನೆಯಲ್ಲೇ ಬೆಳೆದ ವಿದ್ಯಾರ್ಥಿಗೆ. ಆಕೆಯ ಪರ ವಾದ ಬೇರೆ ಕಾಫಿ ತೋಟದ ಪ್ಲಾಂಟರೊಬ್ಬರ ಮಗಳಿಗೆ. ಲೈನ್ ಮನೆ ಇರಲು ಕೊಟ್ಟ ಅನುಮತಿ ಅಷ್ಟೇ, ಅನುಮತಿ ಮುಗಿದ ಮೇಲೆ ಮರದ ಮೇಲೆ ಹಕ್ಕೆಲ್ಲಿಯದು ಎಂದು ಅವನು ಕೇಳಿದ. ಇಷ್ಟು ವರ್ಷ ಮಾಲೀಕರು ಕಣ್ಣಾರೆ ನೋಡಿಯೂ ಬೇಡ ಅನ್ನಲಿಲ್ಲವಲ್ಲ, ಆ ಮೌನಕ್ಕೆ ಅರ್ಥವಿಲ್ಲವೇ ಎಂದು ಅವಳು ಕೇಳಿದಳು. ಅವನ ವಾದವೇ ಗಟ್ಟಿಯಾಗಿತ್ತು. ಮರ ನೆಟ್ಟ ಆಕೆ ಪಕ್ಕದಲ್ಲಿ ಕೂತ ಹುಡುಗಿಗೆ, "ಎಷ್ಟು ಚೆನ್ನಾಗಿ ಮಾತಾಡ್ತಾನೆ ಮಾರಾಯ್ತಿ, ನನ್ ಕಡೆ ಇರ್ಬೇಕಿತ್ತು" ಅಂದದ್ದು ಎಲ್ಲರಿಗೂ ಕೇಳಿಸಿ ತರಗತಿಯೇ ನಕ್ಕಿತು.

ನ್ಯಾಯಾಧೀಶೆಯಾಗಿ ಕೂತಿದ್ದ ನಾನು ತೀರ್ಪು ಹೇಳುವ ಮೊದಲೇ ಮಾಲೀಕರು ಎದ್ದು ನಿಂತರು.

"ತೀರ್ಪೆಲ್ಲ ಎಂತಕ್ಕೆ? ಹಣ್ಣು ನೀನೇ ಕುಯ್ಕೊಂಡು ಹೋಗು. ನಾನು ಬೇಡ ಅಂದಿದ್ನಾ?"

ಹುಡುಗರು ಚಪ್ಪಾಳೆ ತಟ್ಟಿದರು. ಆಕೆ ತಟ್ಟಲಿಲ್ಲ.

"ನೀವು ಬೇಡ ಅನ್ನಲ್ಲ ಸಾವ್ಕಾರ್ರೆ, ನಂಗೊತ್ತು. ನಾಳೆ ರೈಟ್ರು ಅಂದ್ರೆ? ನಿಮ್ಮ ಮಗ ಅಂದ್ರೆ? ಒಂದು ಕಾಗದ ಮಾಡ್ಕೊಡಿ."

ಅವರ ಮುಖ ಸ್ವಲ್ಪ ಬಿಗಿಯಾಯಿತು. "ನನ್ನ ಮಾತು ಸಾಲ್ದಾ?"

"ಮಾತು ನಿಮ್ಮ ಹತ್ರಾನೇ ಇರತ್ತೆ. ಕಾಗದ ಆದ್ರೆ ನನ್ನ ಹತ್ರ ಇರತ್ತೆ."

ದಯೆಗೂ ಹಕ್ಕಿಗೂ ಇರುವ ಅಂತರವನ್ನು ಹೇಳಲು ನಾನು ಎರಡು ಅಧ್ಯಾಯ ಬಳಸಿದ್ದೆ. ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಮಾಲೀಕರು ಮತ್ತೆ ಬೆಂಚಿನಲ್ಲಿ ಕೂತು, "ಬರೀರಿ ಹಾಗಾದ್ರೆ" ಅಂದರು. ವಾದಿಸಿದ ಆ ಇಬ್ಬರೇ ಕ್ಯಾಂಟೀನಿನಲ್ಲಿ ಕೂತು ಒಂದು ಪುಟದ ಕರಡು ಬರೆದರು. ತನ್ನ ನಂತರ ಮಗಳಿಗೂ ಹಕ್ಕು ಬೇಕೆಂದು ಆಕೆ ಹಟ ಹಿಡಿದರು. ನೀನು ಬದುಕಿರುವವರೆಗೆ ಮಾತ್ರ ಎಂದು ಮಾಲೀಕರು. ಎರಡು ಸಲ ಕಾಫಿ ಕುಡಿದರೂ ಮಾಲೀಕರು ಜಗ್ಗಲಿಲ್ಲ.

"ಆಗ್ಲಿ ಬಿಡಿ, ನಾನೇ ಜಾಸ್ತಿ ವರ್ಷ ಬದುಕ್ತೀನಿ" ಅಂದರು ಆಕೆ. ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಅದನ್ನು ಛಾಪಾ ಕಾಗದಕ್ಕೆ ಇಳಿಸಿ ನೋಂದಣಿಯನ್ನೂ ಮಾಡಿಸಿದೆವು.

ಮೂರನೇ ಅಧ್ಯಾಯವನ್ನು ಆ ಮರದಿಂದಲೇ ಶುರು ಮಾಡಿದೆ. ಪರಿಶೀಲಿಸಿದ ವಿದ್ವಾಂಸರು, ಒಂದೇ ಮರ ನೋಡಿ ಇಷ್ಟು ದೊಡ್ಡ ಮಾತು ಹೇಳಬಹುದೇ ಎಂದು ಅಂಚಿನಲ್ಲಿ ಬರೆದರು. ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಕಳಸದವರೆಗೂ ಲೈನಿನಿಂದ ಲೈನಿಗೆ ಅಲೆದೆ. ಹಲಸು ನೆಟ್ಟವರು, ನುಗ್ಗೆ ನೆಟ್ಟವರು ಸಿಕ್ಕರು. ಒಂದು ಕಡೆ ಬರೀ ಮಲ್ಲಿಗೆ ಬಳ್ಳಿ. ಕಾಗದ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಆಕೆ ಈಗ ಮೂಡಿಗೆರೆ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಹಣ್ಣಿನ ಕಾಲಕ್ಕೆ ಅಳಿಯನ ಆಟೋದಲ್ಲಿ ಹಳೆಯ ಲೈನಿಗೆ ಬರುತ್ತಾರೆ. ಕಳೆದ ಸಲ ನನ್ನನ್ನೂ ಕರೆದರು. ಅಳಿಯ ಮರ ಹತ್ತಿದ. ಕೆಳಗೆ ನಾನೂ ಆಕೆಯೂ ಗೋಣಿತಾಟು ಹಿಡಿದು ನಿಂತೆವು. ಮೊದಲನೇ ಹಣ್ಣು ನನ್ನ ಕಡೆಯಿಂದಲೇ ಜಾರಿ ನೆಲಕ್ಕೆ ಬಿತ್ತು.

"ಬಿಗಿಯಾಗಿ ಹಿಡೀರಿ ಮೇಡಂ, ಪುಸ್ತಕ ಅಲ್ಲ ಇದು" ಅಂದರು ಆಕೆ. ಸೆರಗು ಸಿಕ್ಕಿಸಿಕೊಂಡು ಬಿಗಿಯಾಗಿ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ಚೀಲ ತುಂಬಿದವು.