ಮನಿಯಾರ್ಡರಿಗಾಗಿ ಬಿಟ್ಟುಬಂದ ಹಾಸಿಗೆ

ಹಂಗಳದ ಸುತ್ತಮುತ್ತ ಚೆಂಡುಹೂವು ಕೊಯ್ಯುವ ಹೆಂಗಸರಲ್ಲಿ ಪುಟ್ಟಮಲ್ಲಮ್ಮನ ಕೈಗೆ ಸಮನಾದ ಕೈ ಇರಲಿಲ್ಲ. ಉಳಿದವರು ಅರ್ಧ ಸಾಲು ಮುಗಿಸುವಷ್ಟರಲ್ಲಿ ಅವಳು ಕೊನೆ ಮುಟ್ಟಿ, ಸೊಂಟ ನೆಟ್ಟಗೆ ಮಾಡಿಕೊಂಡು, ಹಿಂದಿದ್ದವರನ್ನು ರೇಗಿಸುತ್ತ ನಿಂತಿರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ನಾಗಲಕ್ಷ್ಮಿಯನ್ನು ಸಾಕಿದ್ದು ಆ ಕೂಲಿಯಲ್ಲೇ. ಜೊತೆಗೆ, ಅಂಚೆಯ ಮಾದೇವ ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ತಂದುಕೊಡುತ್ತಿದ್ದ ವಿಧವಾ ವೇತನ. ಮಳೆ ಹಿಡಿದು ಕೂಲಿ ತಪ್ಪಿದಾಗ ಒಲೆ ಉರಿಯುತ್ತಿದ್ದುದು ಅದರಿಂದ.

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ, ಹೂವಿನ ಮೂಟೆ ಹೊತ್ತು ಬದು ಇಳಿಯುವಾಗ ಕಾಲು ಜಾರಿ ಪುಟ್ಟಮಲ್ಲಮ್ಮನ ತೊಡೆಯ ಮೂಳೆ ಮುರಿಯಿತು. ಗುಂಡ್ಲುಪೇಟೆಯಲ್ಲಿ ನೋಡಿದವರು ಚಾಮರಾಜನಗರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಲಿಗೆ ತೂಕ ಕಟ್ಟಿ, ಮಂಚದ ತುದಿಯಿಂದ ಇಳಿಬಿಟ್ಟು ಮಲಗಿಸಿದರು.

"ಮೂಳೆ ಕೂಡೋವರೆಗೂ ಅಲ್ಲಾಡಬಾರದು. ಎರಡು ತಿಂಗಳಾದರೂ ಆಗುತ್ತೆ," ಎಂದರು ಡಾಕ್ಟರು.

ನಾಗಲಕ್ಷ್ಮಿ ಒಂದು ದಿನ ಕೂಲಿಗೆ ಹೋದರೆ ಇನ್ನೊಂದು ದಿನ ಆಸ್ಪತ್ರೆಗೆ ಬರುತ್ತಿದ್ದಳು. ಹಂಗಳದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು. ಹಿಂದಿನ ದಿನದ ಕೂಲಿ ಮಾರನೆಯ ದಿನದ ಟಿಕೆಟ್ಟಿಗೆ ಸರಿಹೋಗುತ್ತಿತ್ತು. ಮಗಳು ತಂದ ಮುದ್ದೆ ಉಣ್ಣುವಾಗ ಪುಟ್ಟಮಲ್ಲಮ್ಮ ಆ ಟಿಕೆಟ್ಟಿನ ದುಡ್ಡನ್ನೇ ಲೆಕ್ಕ ಹಾಕುತ್ತಿದ್ದಳು.

ಆ ತಿಂಗಳ ವೇತನದ ಮನಿಯಾರ್ಡರು, ಹೆಬ್ಬೆಟ್ಟು ಒತ್ತಿ ಪಡೆಯಬೇಕಾದವಳೇ ಮನೆಯಲ್ಲಿಲ್ಲವೆಂದು ವಾಪಸಾಯಿತು. ವಿಷಯ ಕೇಳಿ ಪಕ್ಕದ ಮಂಚದ ಹರದನಹಳ್ಳಿಯ ದೊಡ್ಡಮಲ್ಲಮ್ಮ ಹೌಹಾರಿದಳು. "ಅಯ್ಯೋ ತಾಯಿ, ಇನ್ನೊಂದ್ಸಲ ವಾಪಸ್ ಓದ್ರೆ ಸತ್ತೋದ್ಲು ಅಂತ ಬರ್ಕಂಡು ನಿಲ್ಸ್‌ಬುಡ್ತಾರೆ. ನಮ್ಮೂರಲ್ಲಿ ಒಬ್ಬಳ್ಗೆ ಅಂಗೇ ಆಯ್ತು. ಬದುಕಿವ್ನಿ ಅಂತ ತೋರ್ಸಕ್ಕೆ ವರ್ಷಗಟ್ಲೆ ಆಫೀಸು ಅಲೆದ್ಲು."

ಅಂದಿನಿಂದ ಪುಟ್ಟಮಲ್ಲಮ್ಮನಿಗೆ ನಿದ್ದೆ ಹತ್ತಲಿಲ್ಲ. ಮುಂದಿನ ಮನಿಯಾರ್ಡರು ಬರುವ ದಿನ ಹತ್ತಿರವಾದಾಗ ಮಗಳಿಗೆ ಹೇಳಿಯೇಬಿಟ್ಟಳು. "ಊರಿಗೆ ಓಗನ ಕಣಮ್ಮಿ. ಮಲಗಾದು ಮನೇಲೇ ಮಲಗ್ತೀನಿ."

"ಬ್ಯಾಡ ಕನವ್ವ. ಒಸಿ ತಡಿ, ಮಾದೇವಣ್ಣನ್ನ ಒಂದ್ಮಾತು ಕೇಳ್ತೀನಿ," ಎಂದಳು ನಾಗಲಕ್ಷ್ಮಿ.

"ಅವನ್ನೇನ್ ಕೇಳದು? ನೀನು ಬಸ್ಸಿಗೆ ಸುರಿಯದು ಸಾಲ್ದಾ? ಇದೂ ನಿಂತೋಗ್ಲಿ ಅಂತೀಯಾ?"

ಡಾಕ್ಟರು ಬೈದರು. ಕಾಲು ಕೆಡುತ್ತದೆ ಎಂದರು. ಕೊನೆಗೆ, ಇದು ನಿಮ್ಮದೇ ಹಟ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ತೂಕ ಬಿಚ್ಚಿಸಿದರು.

ವ್ಯಾನು ಮಾಡೋಣವೆಂದು ನಾಗಲಕ್ಷ್ಮಿ ಅಂಗಲಾಚಿದಳು. ಅದಕ್ಕೂ ತಾಯಿ ಒಪ್ಪಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ಕಾಲು ಚಾಚಿ ಕೂತಳು. ರಸ್ತೆಯ ಹಳ್ಳವೊಂದಕ್ಕೆ ಬಸ್ಸು ದಡಕ್ಕನೆ ಇಳಿದೆದ್ದಾಗ ತೊಡೆಯೊಳಗೆ ಏನೋ ಸರಿದಂತಾಯಿತು. ಸೆರಗು ಕಚ್ಚಿಕೊಂಡಳೇ ಹೊರತು ಮಗಳಿಗೆ ಹೇಳಲಿಲ್ಲ.

ಎರಡು ದಿನ ಬಿಟ್ಟು ಮಾದೇವ ಬಂದ. ಜಗಲಿಯ ಮೇಲೆ ಮಲಗಿದ್ದವಳನ್ನು ಕಂಡು ದಂಗಾದ.

"ಇದ್ಯಾಕಕ್ಕ ಇಷ್ಟು ಬಿರ್ರನೆ ಬಂದ್ಬುಟ್ಟೆ?"

"ನೀನು ಮತ್ತೆ ವಾಪಸ್ ಕಳಿಸ್ಬುಟ್ಟೀಯ ಅಂತ ಕಣಪ್ಪ."

ಮಾದೇವ ದುಡ್ಡು ಎಣಿಸಿ ಕೈಗಿಟ್ಟ. "ಆಸ್ಪತ್ರೆ ವಿಳಾಸಕ್ಕೆ ಕಳ್ಸಿ ಅಂತ ಒಂದು ಚೀಟಿ ಬರ್ದುಕೊಟ್ಟಿದ್ರೆ ಅಲ್ಲಿಗೇ ಬರ್ತಿತ್ತು ಕಣಕ್ಕ. ಆ ಕಡೆ ಪೋಸ್ಟ್‌ಮ್ಯಾನು ನಿನ್ನ ಮಂಚದ ಹತ್ರಾನೇ ತಂದ್ಕೊಡೋನು. ನಂಗೂ ಹೊಳೀನಿಲ್ಲ, ನೀವೂ ಕೇಳ್ನಿಲ್ಲ."

ಒಳಗೆ ರೊಟ್ಟಿ ತಟ್ಟುತ್ತಿದ್ದ ನಾಗಲಕ್ಷ್ಮಿಯ ಕೈ ನಿಂತಿತು. ಹೊರಗೆ ಬಂದು ತಾಯಿಯ ಕಾಲಿನ ಕೆಳಗಿನ ದಿಂಬು ಸರಿಮಾಡಿದಳು.

ಕಾಲು ಗಿಡ್ಡವಾಗಿ ಕೂಡಿಕೊಂಡಿತು. ಕೋಲು ಹಿಡಿದು ಹಿತ್ತಲವರೆಗೆ ಹೋಗಬಹುದು, ಅಷ್ಟೆ. ಹೊಲದ ಬದು ಹತ್ತುವಂತಿರಲಿಲ್ಲ. ವೇತನವೇನೋ ತಪ್ಪದೆ ಬಂತು. ಆದರೆ ಗುಂಡ್ಲುಪೇಟೆಯಲ್ಲಿ ಹೊಲಿಗೆ ಕಲಿಯಲು ಹೆಸರು ಕೊಟ್ಟಿದ್ದ ನಾಗಲಕ್ಷ್ಮಿ ಅದನ್ನು ಬಿಟ್ಟು ದಿನವೂ ಹೂವಿಗೆ ಹೊರಟಳು. ಇಬ್ಬರ ಕೂಲಿಯ ಜಾಗದಲ್ಲಿ ಈಗ ಒಬ್ಬಳದೇ ಕೂಲಿ.

ಓಣಂ ಹತ್ತಿರವಾದರೆ ಕೇರಳದ ಲಾರಿಗಳು ಹೊಲದಂಚಿಗೇ ಬಂದು ನಿಲ್ಲುತ್ತವೆ. ಮರುವರ್ಷದ ಅಂಥದೊಂದು ಸಂಜೆ ಮಗಳು ಬೆರಳೆಲ್ಲ ಹಳದಿ ಮಾಡಿಕೊಂಡು ಬಂದು, ನೀರು ಕಾಯಿಸಿ ತಾಯಿಯ ಕಾಲಿಗೆ ಹುಯ್ಯುತ್ತಿದ್ದಳು.

"ಅವತ್ತು ನಿನ್ನ ಮಾತು ಕೇಳ್ಬೇಕಾಗಿತ್ತು ಕಣಮ್ಮಿ," ಎಂದಳು ಪುಟ್ಟಮಲ್ಲಮ್ಮ.

"ಬುಡವ್ವ ಅತ್ಲಾಗಿ. ನೀರು ಸುಡ್ತದಾ?"

ಸುಡುವುದಿಲ್ಲವೆಂದು ತಲೆಯಾಡಿಸಿದಳು. ಒಂದೇ ಒಂದು ಸಲ ಮಗಳು ಬಾಯಿಬಿಟ್ಟು ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ. ನಾಗಲಕ್ಷ್ಮಿ ಬೈಯಲಿಲ್ಲ, ತಗ್ಗಿಸಿದ ತಲೆ ಎತ್ತದೆ, ಇನ್ನೊಂದು ಚೊಂಬು ನೀರು ತೋಡಿದಳು.