ಅಚ್ಚಿನಲ್ಲಿ ಸತ್ತ ನಾಯಿ

ನಾನು ಬರೆದ ಮೊದಲ ಮಕ್ಕಳ ಕತೆಯಲ್ಲಿ ಒಂದು ನಾಯಿಯನ್ನು ಕೊಂದೆ. ಎಪ್ಪತ್ತರ ದಶಕದ ನಡುವಿನ ಮಾತು. ಆಗ ನೇಸರಗಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಊರವರ ಬಾಯಲ್ಲಿ ನಾನು ‘ಅಕ್ಕೋರು’.

ಆ ಇಯತ್ತೆಯಲ್ಲಿ ಒಬ್ಬ ಹುಡುಗಿಗೆ ಓದಲು ಬರುತ್ತಿರಲಿಲ್ಲ. ಎದ್ದು ನಿಂತು ಓದು ಎಂದರೆ ಮೊದಲ ಪದದ ಮೇಲೆ ಬೆರಳಿಟ್ಟು ನಿಲ್ಲುವಳು. ಬೆರಳು ಸರಿಯುತ್ತಿರಲಿಲ್ಲ, ಕಣ್ಣೀರು ಮಾತ್ರ ಪುಸ್ತಕದ ಮೇಲೆ ಬೀಳುತ್ತಿತ್ತು. ಉಳಿದ ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ನಾನು ಹೊಡೆಯುವವಳಲ್ಲ ಎಂಬ ಹಮ್ಮು ನನಗಿತ್ತು. ಓದುವವರೆಗೆ ನಿಲ್ಲಿಸುತ್ತಿದ್ದೆ, ಅಷ್ಟೇ.

ಅವಳ ಹಿಂದೆ ದಿನಾಲೂ ಒಂದು ಕಂದು ನಾಯಿ ಶಾಲೆಯವರೆಗೆ ಬಂದು, ಹಿತ್ತಲಿನ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಮಲಗಿರುತ್ತಿತ್ತು. ಒಂದು ಮಧ್ಯಾಹ್ನ ನೀರು ಕುಡಿಯಲು ಹಿಂದೆ ಹೋದವಳು ಗೋಡೆಯ ಮರೆಯಲ್ಲೇ ನಿಂತುಬಿಟ್ಟೆ. ಹುಡುಗಿ ನಾಯಿಗೆ ಪಾಠ ಓದಿ ಹೇಳುತ್ತಿದ್ದಳು. ನಿಧಾನವಾಗಿ, ತಪ್ಪುತ್ತಾ, ತಿದ್ದಿಕೊಳ್ಳುತ್ತಾ, ಆದರೆ ನಿಲ್ಲದೆ ಓದುತ್ತಿದ್ದಳು. ನಾಯಿ ಕಿವಿ ಕೆರೆದುಕೊಳ್ಳುತ್ತಿತ್ತು. ನಾನು ಹೋಗಿ ಅವಳ ಬೆನ್ನು ತಟ್ಟಬೇಕಿತ್ತು. ಅದನ್ನು ಬಿಟ್ಟು ಮನೆಗೆ ಹೋಗಿ ಕತೆ ಬರೆದೆ.

ಧಾರವಾಡದ ಒಂದು ಮಕ್ಕಳ ಮಾಸಿಕಕ್ಕೆ ಕಳಿಸಿದಾಗ ಸಂಪಾದಕರು ಕಾರ್ಡು ಬರೆದರು: ಕತೆ ಚೆನ್ನಾಗಿದೆ, ಕೊನೆಯಲ್ಲಿ ನಾಯಿ ಸತ್ತರೆ ಮಕ್ಕಳ ಮನಸ್ಸು ಕರಗುತ್ತದೆ. ಕಾರ್ಡು ಬಂದ ಸಂಜೆಯೇ ಕೊಂದೆ. ಶಾಲೆಯ ಮುಂದೆ ನಾಯಿ ಹುಡುಗಿಯನ್ನು ಆಚೆ ನೂಕಿ ತಾನು ಬಸ್ಸಿನ ಗಾಲಿಗೆ ಸಿಗುತ್ತದೆ. ಬರೆಯುತ್ತ ನಾನೂ ಅತ್ತೆ. ಅತ್ತದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಕತೆ ಅಚ್ಚಾಗಿ ಬಂತು. ಶನಿವಾರದ ಬೆಳಗಿನ ಶಾಲೆಯಲ್ಲಿ ಅದನ್ನು ಓದಿ ಹೇಳಿದೆ. ಮಕ್ಕಳೆಲ್ಲ ಮೂಗು ಒರೆಸಿಕೊಂಡರು. ಆ ಹುಡುಗಿ ಅಳಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಆ ಪುಟವನ್ನು ಒಮ್ಮೆ ನೋಡಿ ಹೋದಳು.

ಸೋಮವಾರ ನಾಯಿ ಬರಲಿಲ್ಲ. ಮಂಗಳವಾರವೂ ಇಲ್ಲ. ಎಲ್ಲಿ ಹೋಯಿತು ಎಂದು ಹುಡುಗಿಯನ್ನು ಕೇಳಿದೆ.

“ರಾಮದುರ್ಗಕ್ಕ ಕಳಸೀವ್ರಿ. ಮಾವ ಹತ್ತಿ ಲಾರಿಯಾಗ ಒಯ್ದಾನ್ರಿ.”

“ಯಾಕವಾ?”

“ಬಸ್ಸಿನ ಗಾಲಿಗೆ ಸಿಗತೈತಿ ಅಂತ ಅಚ್ಚಾಗೇತಲ್ರಿ.”

ಅವರ ಮನೆಯಲ್ಲಿ ಅಚ್ಚಾದದ್ದೆಂದರೆ ಪಂಚಾಂಗ ಒಂದೇ. ಅಜ್ಜ ಅದನ್ನು ನೋಡದೆ ಬಿತ್ತನೆಗೆ ಕೈ ಹಾಕುತ್ತಿರಲಿಲ್ಲ. ಗ್ರಹಣವಾಗಲಿ, ಅಮಾವಾಸ್ಯೆಯಾಗಲಿ ಮೊದಲು ಅಚ್ಚಾಗುತ್ತದೆ, ಆಮೇಲೆ ಬರುತ್ತದೆ. ಇದು ಕತೆ, ನಾನೇ ಕಟ್ಟಿದ್ದು ಎಂದು ತಿಳಿಸಿ ಹೇಳಿದೆ. “ನೀವು ಕಟ್ಟಿದ್ರ ಏನಾತ್ರಿ, ಅಚ್ಚಾತಲ್ರಿ” ಎಂದಳು. ನಾಯಿ ಬದುಕುವಂತೆ ಕೊನೆಯನ್ನು ತಿದ್ದಿ ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ. “ಇದು ಕೈಲೆ ಬರದದ್ದರಿ” ಎಂದು ಹಿಂದಕ್ಕೆ ಕೊಟ್ಟಳು.

ಅದೇ ವಾರ ಅವಳ ಅಜ್ಜಿ ಸಂತೆಯಲ್ಲಿ ಸಿಕ್ಕರು. “ನಾಯಿ ಇಲ್ಲದ ಸಾಲಿ ಒಲ್ಲೆ ಅಂತ ಕುಂತಾಳ್ರಿ ಅಕ್ಕೋರ. ಬರೂ ವಾರ ಮಾವನ ಮನೀಗೆ ಬಿಟ್ಟ ಬರತೇವಿ. ಹತ್ತಿ ಬಿಡಸಾಕರ ಆಗತಾಳ.” ನಾನು ತರಕಾರಿ ಚೀಲವನ್ನು ಅಲ್ಲೇ ಮರೆತು ಬಂದೆ. ಹೆದರಿಕೆ ಎಂದರೇನೆಂದು ಆ ದಿನ ತಿಳಿಯಿತು.

ಮರುದಿನ ರಜೆ ಹಾಕಿ ಬೈಲಹೊಂಗಲಕ್ಕೆ ಹೋದೆ. ಅಲ್ಲಿ ಲಗ್ನಪತ್ರಿಕೆ ಮುದ್ರಿಸುವ ಒಂದು ಸಣ್ಣ ಪ್ರೆಸ್ಸಿತ್ತು. ಅಚ್ಚಿನ ಮೊಳೆ ಜೋಡಿಸುವ ಮುದುಕರು ನನ್ನ ಹಾಳೆಯನ್ನು ಪೂರ್ತಿ ಓದಿ, “ನಾಯಿ ಬದಕ್ತಲ್ರಿ, ಛಲೋ ಆತು” ಎಂದರು. ಗುಲಾಬಿ ಬಣ್ಣದ ಉಳಿದ ಕಾಗದದ ಮೇಲೆ ಒಂದೇ ಒಂದು ಪ್ರತಿ ತೆಗೆದುಕೊಟ್ಟರು. ನೋಡುತ್ತೇನೆ, ಮೇಲೆ ‘ಶ್ರೀ ಗಣೇಶ ಪ್ರಸನ್ನ’, ಕೆಳಗೆ ‘ಬಂಧುಮಿತ್ರರೊಡನೆ ಆಗಮಿಸಬೇಕಾಗಿ ವಿನಂತಿ’. ಇದೇನಿದು ಎಂದು ಸಿಡಿಮಿಡಿಗೊಂಡೆ.

“ದೇವರಿಲ್ಲದ ಹಾಳಿ ನಮ್ಮಲ್ಲಿಂದ ಹೊರಗ ಹೋಗೂದಿಲ್ಲರಿ ಅಕ್ಕೋರ. ಕೆಳಗಿಂದು ಕೈ ರೂಢೀಲೆ ಬಿತ್ತು. ಇರವಲ್ದ್ಯಾಕ, ನಾಯೀನೂ ಬರಬೇಕಲ್ರಿ” ಎಂದರು.

ಮರುದಿನ ಮಧ್ಯಾಹ್ನ ಹುಡುಗಿಯನ್ನು ಮನೆಯಿಂದ ಕರೆಸಿ, ಬೇವಿನ ಗಿಡದ ಕೆಳಗೆ ಆ ಹಾಳೆಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಮೂಸಿ ನೋಡಿದಳು. ಮಸಿಯ ವಾಸನೆಯಿತ್ತು. ನಾನು ಓದಿ ಹೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡು, ನಾಯಿ ಮಲಗುತ್ತಿದ್ದ ಜಾಗದಲ್ಲಿ ಕುಳಿತೆ. ಅವಳು ಗಣೇಶನಿಂದ ಶುರು ಮಾಡಿ ವಿನಂತಿಯವರೆಗೆ ಒಂದೊಂದಾಗಿ ಓದಿದಳು. ಊಟದ ಬಿಡುವು ಪೂರ್ತಿ ಬೇಕಾಯಿತು. ಎರಡು ಕಡೆ ತಡವರಿಸಿದಳು. ನಾನು ನಾಯಿಯ ಹಾಗೆಯೇ ಸುಮ್ಮನಿದ್ದೆ, ಕಿವಿ ಮಾತ್ರ ಕೆರೆದುಕೊಳ್ಳಲಿಲ್ಲ.

“ದೇವರ ಹೆಸರೂ ಐತ್ರಿ ಇದರಾಗ. ಮಾವಗ ಹೇಳಿ ಕಳಸ್ತೇನ್ರಿ” ಎಂದಳು.

ನಾಲ್ಕು ದಿನಕ್ಕೆ ನಾಯಿ ಲಾರಿಯಲ್ಲೇ ಮರಳಿ ಬಂತು, ಸ್ವಲ್ಪ ಸೊರಗಿತ್ತು. ಅದನ್ನು ತೋರಿಸಲು ಪಾಠ ಶುರುವಾಗುವ ಮೊದಲೇ ಹುಡುಗಿ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಅದರ ತಲೆ ಸವರುತ್ತ ಕೇಳಿದಳು: “ಅಕ್ಕೋರ, ಮೊದಲ ಇದನ್ನ ಯಾಕ ಸಾಯಿಸಿದ್ರಿ?”

ಸುಳ್ಳು ಹೇಳಬಹುದಿತ್ತು. ಸಂಪಾದಕರ ಮೇಲೆ ಹಾಕಬಹುದಿತ್ತು. “ಕೇಳಿದವರು ಅಳಲಿ ಅಂತ” ಎಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅದಕ್ಕ ನಾಯಿ ಯಾಕ ಸಾಯಬೇಕ್ರಿ? ನೀವು ನನ್ನ ಓದಾಕ ಎಬ್ಬಸಿ ನಿಲ್ಲಸ್ತೀರಲ್ಲ, ಅದನ್ನ ಬರೆದಿದ್ರ ಸಾಕಾಗಿತ್ತು.”

ಗಂಟೆ ಹೊಡೆಯಿತು. ಒಳಗೆ ಹೋದೆವು. ಅಂದು ಓದಲು ನಾನು ಯಾರನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ.