ಕುರಿ ನಿಲ್ಲಿಸಿದ ಮೂಲೆಯ ಮಣ್ಣು

ಜಮಖಂಡಿಯ ಒಂದು ಖಾಸಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಉಮಾಶ್ರೀ ಬೆಳಿಗ್ಗೆ ಮೊದಲು ತೆರೆದದ್ದು ಚಿಕ್ಕಪಡಸಲಗಿಯ ಸುಂದರವ್ವನ ಹೊಲದ ಫಲಿತಾಂಶವನ್ನು. ಮರಳು, ಜೇಡಿ, ಸಾವಯವ ಇಂಗಾಲದ ಪ್ರಮಾಣ ಕೊಟ್ಟರೆ ಆ ಮಣ್ಣು ಒಮ್ಮೆ ಹಾಯಿಸಿದ ಮೇಲೆ ಬೆಳೆಗೆ ಎಷ್ಟು ದಿನದ ನೀರು ಹಿಡಿದಿಟ್ಟೀತು ಎಂದು ಕಂಪ್ಯೂಟರಿನ ಗಣಿತ ಸೂತ್ರ ಅಂದಾಜು ಹೇಳುತ್ತದೆ. ಈ ಮಣ್ಣಿಗೆ ಹದಿನೈದು ದಿನ ಎಂದಿತು.

ಎದುರಿಗೆ ಕುಳಿತಿದ್ದ ಸುಂದರವ್ವನಿಗೆ ಅದೇ ಬೇಕಿತ್ತು. ಕಬ್ಬು ತಡೆಯುವುದಾದರೆ ಶುಕ್ರವಾರದ ನೀರಿನ ಪಾಳಿಯನ್ನು ಪಕ್ಕದ ಹೊಲದ ತಂಗಿಗೆ ಬಿಟ್ಟುಕೊಡುವ ಮಾತಾಗಿತ್ತು. ಪಾಳಿ ವಾರಕ್ಕೊಂದು; ಈ ಸಲದ್ದು ಬಿಟ್ಟರೆ ಹೋದ ಶುಕ್ರವಾರ ಹಾಯಿಸಿದ ನೀರಿನಲ್ಲೇ ಕಬ್ಬು ಎರಡು ವಾರ ತಡೆಯಬೇಕು.

ಇಂಗಾಲದ ಅಂಕಿ ನೋಡಿ ಉಮಾಶ್ರೀಗೆ ಅನುಮಾನ ಬಂತು. ಅಲ್ಲಿಯ ಎರೆಮಣ್ಣಿನಲ್ಲಿ ಅಷ್ಟು ಇರುವುದಿಲ್ಲ.

"ಯವ್ವಾ, ಈ ಮಣ್ಣ ಹೊಲದಾಗ ಎಲ್ಲಿಂದ ತಂದೀರಿ?"

"ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ವಲ್ಲ, ಆ ಮೂಲ್ಯಾಗಿಂದು. ಅದ ಛಲೋ ಐತಿ."

"ಬೀಗರಿಗೆ ಬಡಿಸಾಕ ಆರಿಸಿದಂಗ ತಂದೀರಲ್ರಿ."

"ಮತ್ತ? ಪರೀಕ್ಷಾಕ್ಕ ಕೆಟ್ಟದ್ದ ತರ್ತಾರೇನ ಯಾರರ?"

ಉಮಾಶ್ರೀ ಕುರಿಗಾರರ ಮನೆಯವಳು. ಕುರಿ ನಿಲ್ಲಿಸಿ ಹಿಕ್ಕೆಯಿಂದ ಇಂಗಾಲ ಏರಿದ ಜಾಗ ಹೊಲದಲ್ಲಿ ಎಷ್ಟು ಸಣ್ಣದೆಂದು ಅವಳಿಗೆ ಗೊತ್ತು. ಸೂತ್ರ ತಪ್ಪಿರಲಿಲ್ಲ, ಆ ಮೂಲೆಯ ಲೆಕ್ಕವನ್ನಷ್ಟೇ ಹೇಳಿತ್ತು. ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗಿ, ಹೊಲದ ನಡುವೆ ಹಲವು ಕಡೆ ಅಗೆದು ಬೇರೆ ಮಣ್ಣು ತಂದಳು. ಬುಧವಾರ ಹೊಸ ಅಂದಾಜು ಬಂತು: ಒಂಬತ್ತು ದಿನ.

"ತಂಗಿ ಸಿಟ್ಟಾಗ್ತಾಳಲ್ಲ" ಎಂದಳು ಸುಂದರವ್ವ ಫೋನಿನಲ್ಲಿ.

"ಕಬ್ಬ ಒಣಗಿದ್ರ ನೀವು ಸಿಟ್ಟಾಗ್ತೀರಿ, ಅದೂ ನನ್ನ ಮ್ಯಾಲ."

ಶುಕ್ರವಾರದ ನೀರು ಸುಂದರವ್ವನ ಕಬ್ಬಿಗೇ ಹೋಗುತ್ತದೆ.